ಬಿಗ್ ಬ್ಯಾಮ್ ಬೂಮ್: ಹಳೇ ಕಂಠ, 1984ರ ಯಂತ್ರ

ಅಮೆರಿಕದ ಗಾಯಕ ಜೋಡಿ ಹಾಲ್ ಅಂಡ್ ಓಟ್ಸ್ ಅವರ ಈ ಆಲ್ಬಮ್ ಹಾಕಿದರೆ ಮೊದಲು ಕಿವಿಗೆ ಬೀಳುವುದು ಹಾಡಲ್ಲ, ಡ್ರಮ್ಮಿನ ಏಟು. ಹಾಡು ಕೇಳಿಸಬೇಕಾದರೆ ಹತ್ತು ಸಲವಾದರೂ ಹಾಕಬೇಕು.

ಫಿಲಡೆಲ್ಫಿಯಾದ ಸೋಲ್ ಸಂಗೀತದಲ್ಲಿ (ಕಪ್ಪು ಅಮೆರಿಕನ್ನರ ಭಾವತುಂಬಿದ ಹಾಡುಗಾರಿಕೆ) ಪಳಗಿ, 1972ರಿಂದ ಆಲ್ಬಮ್ ತರುತ್ತಿದ್ದವರಿಗೆ ಇದು ಹನ್ನೆರಡನೆಯದು. ಅಷ್ಟು ಹೊತ್ತಿಗೆ ನ್ಯೂಯಾರ್ಕಿನ ಬೀದಿಯಲ್ಲಿ ಹಿಪ್-ಹಾಪ್, ಸ್ಟುಡಿಯೊಗಳಲ್ಲಿ ಸಿಂತ್ (ಎಲೆಕ್ಟ್ರಾನಿಕ್ ಸದ್ದಿನ ಕೀಬೋರ್ಡ್), ಡ್ರಮ್ ಮಷೀನ್. ಇವರು ಮೂಗು ಮುರಿಯಲಿಲ್ಲ. 'ಪ್ಲಾನೆಟ್ ರಾಕ್' ಎಂಬ ಹಿಪ್-ಹಾಪ್ ಹಾಡು ನಿರ್ಮಿಸಿದ ಆರ್ಥರ್ ಬೇಕರ್‌ನನ್ನೇ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದ ಈ ಕೆಲಸಕ್ಕೆ ಸೇರಿಸಿಕೊಂಡರು. ಬಾಬ್ ಕ್ಲಿಯರ್‌ಮೌಂಟನ್ ಸಹನಿರ್ಮಾಪಕ.

ಮೊದಲ ಟ್ರ್ಯಾಕ್ 'ಡ್ಯಾನ್ಸ್ ಆನ್ ಯುವರ್ ನೀಸ್' ಚಿಕ್ಕದು, 'ಔಟ್ ಆಫ್ ಟಚ್'ಗೆ ಹೊಸ್ತಿಲಿದ್ದಂತೆ. ಎರಡರ ನಡುವೆ ಬಿಡುವಿಲ್ಲ. ಹಾಗಾಗಿ ಆ್ಯಪ್‌ನಲ್ಲಿ ಶಫಲ್ ಆಫ್ ಮಾಡಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಜೊತೆ ಬೆರೆಸುವುದು) ಸೊನ್ನೆಗಿಳಿಸಿ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಇಡಿ. ಇಲ್ಲದಿದ್ದರೆ ಆ ಜಿಗಿತವೇ ಹೋಗುತ್ತದೆ.

ಫೋನ್ ಸ್ಪೀಕರ್ ಇದಕ್ಕೆ ಆಗದು. ಸ್ನೇರ್ (ಚಟ್ಟೆನ್ನುವ ಚಿಕ್ಕ ಡ್ರಮ್) ಏಟಿನ ಪ್ರತಿಧ್ವನಿಯನ್ನು ಹಿಗ್ಗಿಸಿ ತಟ್ಟನೆ ಕತ್ತರಿಸಿರುವುದರಿಂದ ಸಣ್ಣ ಸ್ಪೀಕರಿನಲ್ಲಿ ಬರೀ 'ಚಟ್' ಉಳಿದು ತಲೆನೋವು ತರುತ್ತದೆ. ಹೆಡ್‌ಫೋನಿನಲ್ಲೂ ಚುಚ್ಚಿದರೆ ಟ್ರೆಬಲ್ ಒಂದೆರಡು ಡೆಸಿಬೆಲ್ ಇಳಿಸಿ. ಬಾಸ್ ಬೂಸ್ಟ್ ಮಾತ್ರ ಬೇಡ: ಕಿಕ್ ಡ್ರಮ್ಮೂ ಬಾಸೂ ಒಂದರ ಮೇಲೊಂದು ಬಿದ್ದು ಎಲ್ಲ ಕಲಸುಮೇಲೋಗರ.

ವರ್ಷಗಳು ಕಳೆದಂತೆ ಮುದಿಯಾಗಿರುವುದು ಯಂತ್ರವೇ, ಗಂಟಲಲ್ಲ. 'ಮೆಥಡ್ ಆಫ್ ಮಾಡರ್ನ್ ಲವ್' ಐದೂವರೆ ನಿಮಿಷ ಎಳೆಯುತ್ತದೆ, ಒಂದು ನಿಮಿಷ ಕತ್ತರಿಸಬಹುದಿತ್ತು. ಆದರೂ ಅಕ್ಷರ ಬಿಡಿಸಿ ಹಾಡುವ ಪಲ್ಲವಿಯ ಮೇಲೆ ಡ್ಯಾರಿಲ್ ಹಾಲ್ ಎಳೆಯುವ ಆಲಾಪಗಳಲ್ಲಿ ಹಳೇ ಸೋಲ್ ಪೂರ್ತಿ ಇದೆ. 'ಆಲ್ ಅಮೆರಿಕನ್ ಗರ್ಲ್'ನಲ್ಲಿ ಯಂತ್ರ ಗೆದ್ದಿದೆ, ಹಾಡು ಸೋತಿದೆ. ಜಾನ್ ಓಟ್ಸ್ ಹಾಡಿದ 'ಪೊಸೆಷನ್ ಆಬ್ಸೆಷನ್' ಸದ್ದು ಮಾಡದೆ ಬಾಳಿಕೆ ಬಂದಿದೆ. 'ಔಟ್ ಆಫ್ ಟಚ್' ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಜೋಡಿಯ ಆರನೆಯ, ಕೊನೆಯ ನಂಬರ್ ಒನ್. ಮುಂದಿನ ಸ್ಟುಡಿಯೊ ಆಲ್ಬಮ್ ಬಂದದ್ದು 1988ರಲ್ಲಿ.

ಕೊಳ್ಳುವವರಿಗೆ: 12 ಇಂಚಿನ ರೆಕಾರ್ಡಿಗೆಂದು ಹಿಗ್ಗಿಸಿದ ಉದ್ದ ಮಿಕ್ಸ್‌ಗಳು ಬೇಕಿದ್ದರೆ 2004ರಲ್ಲಿ ಮತ್ತೆ ಬಂದ ಸಿಡಿ. ಹಳೇ ರೆಕಾರ್ಡ್ ಕೊಳ್ಳುವುದಾದರೆ ಎರಡೂ ಸೈಡಿನ ಕೊನೆಯ ಹಾಡು ಹಾಕಿ ನೋಡಿ. ನಡುವಿಗೆ ಹೋದಂತೆ ಮುಳ್ಳಿನಡಿ ಹರಿಯುವ ಗೆರೆಯ ವೇಗ ತಗ್ಗಿ 'ಸ' ಕಾರ ಬಿರಿಯುತ್ತದೆ. ಅಲ್ಲಿರುವುದೋ 'ಸಮ್ ಥಿಂಗ್ಸ್ ಆರ್ ಬೆಟರ್ ಲೆಫ್ಟ್ ಅನ್‌ಸೆಡ್' ಮತ್ತು 'ಪೊಸೆಷನ್ ಆಬ್ಸೆಷನ್', ಹೆಸರಿನಲ್ಲೇ 'ಸ' ತುಂಬಿಕೊಂಡವು. ಮುಳ್ಳಿನ ಕೋನ ಸರಿಪಡಿಸಿದ ಮೇಲೂ ಕರಕರ ಎಂದರೆ ಗೆರೆ ಸವೆದಿದೆ, ಬಿಡಿ.