ಡಯಾಲಿಸಿಸ್ ಹಾಸಿಗೆಯಲ್ಲಿ ಪೆಡಲ್ ತುಳಿಸುವ ಸೇವೆ: ಆರು ತಿಂಗಳ ಅನುಭವ

ವಾರಕ್ಕೆ ಮೂರು ಸಲ, ಪ್ರತಿ ಸಲವೂ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಳ್ಳುವ ನನ್ನ ತಾಯಿಗೆ, ಅವರು ಹೋಗುವ ಘಟಕದಲ್ಲಿಯೇ ವ್ಯಾಯಾಮ ಮಾಡಿಸುವ ಸೇವೆ ದೊರೆತು ಆರು ತಿಂಗಳಾಯಿತು. ಅದಕ್ಕೂ ಮೊದಲು ಅವರನ್ನು ಹಾಸಿಗೆಗೆ ಅಂಟಿಸಿದವರು ಮನೆಯವರಾದ ನಾವೇ. ನೀರಿನ ಲೋಟಕ್ಕೂ ಅವರು ಏಳದಂತೆ ನೋಡಿಕೊಂಡೆವು. ಕಿಡ್ನಿ ಕೈಕೊಟ್ಟಾಗ ರಕ್ತಹೀನತೆ, ರಕ್ತದಲ್ಲಿ ಹೆಚ್ಚುವ ಆಮ್ಲ ಮತ್ತು ಹಸಿವಿಲ್ಲದಿರುವಿಕೆಯಿಂದ ಸ್ನಾಯುಗಳು ತಾವಾಗಿಯೇ ಕರಗುತ್ತವೆ. ಅದರ ಮೇಲೆ ನಮ್ಮ ಅಕ್ಕರೆಯ ವಿಶ್ರಾಂತಿಯೂ ಸೇರಿ, ಕುರ್ಚಿಯಿಂದ ಏಳಲು ಅವರಿಗೆ ಇನ್ನೊಬ್ಬರ ಕೈ ಬೇಕಾಗುವ ಸ್ಥಿತಿ ಬಂದಿತ್ತು.

ಮೊದಲ ದಿನ ಫಿಸಿಯೊಥೆರಪಿಸ್ಟ್ ಪೆಡಲಿನ ಮಾತನ್ನೇ ಎತ್ತಲಿಲ್ಲ. ಡಾಕ್ಟರ ಒಪ್ಪಿಗೆ ಬಂದಿದೆಯೇ ಎಂದು ನೋಡಿ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಇಲ್ಲದ ಕೈಯಲ್ಲಿ ರಕ್ತದೊತ್ತಡ ಅಳೆದು, ಸಕ್ಕರೆ ಕಾಯಿಲೆಯೂ ಇರುವುದರಿಂದ ಅಂಗಾಲುಗಳನ್ನು ತಿರುಗಿಸಿ ನೋಡಿ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲರೆಂದು ಎಣಿಸಿದರು. ಆರು ಸಲ. ಆಮೇಲೆ, "ಏನು ಮಾಡಲು ಆಗಬೇಕು ಅನ್ನಿಸುತ್ತದೆ?" ಎಂದು ಕೇಳಿದರು. ಮೊಮ್ಮಗಳನ್ನು ಶಾಲೆಯ ಬಾಗಿಲವರೆಗೆ ಬಿಟ್ಟು ಬರಬೇಕು ಎಂದು ತಾಯಿ ಹೇಳಿದರು. ಅಷ್ಟು ದಿನ ನಾವು ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಈ ಸೇವೆಯಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಆ ಪ್ರಶ್ನೆಗೆ. ಪೆಡಲ್ ಯಂತ್ರ ಎಲ್ಲಿ ಬೇಕಾದರೂ ಸಿಕ್ಕೀತು.

ಪೆಡಲನ್ನು ಹಾಸಿಗೆಯ ಕಾಲ್ದೆಸೆಗೆ ಬಿಗಿಯುತ್ತಾರೆ. ಸೂಜಿ ಚುಚ್ಚಿದ ಕೈ ದಿಂಬಿನ ಮೇಲೆ ಅಲುಗದೆ ಇರುತ್ತದೆ, ಕೆಲಸವೆಲ್ಲ ಕಾಲುಗಳದ್ದು. ಡಯಾಲಿಸಿಸ್ ಯಂತ್ರ ದೇಹದಿಂದ ನೀರು ಹೆಚ್ಚು ಹೆಚ್ಚು ತೆಗೆಯುತ್ತ ಹೋದಂತೆ ರಕ್ತದೊತ್ತಡ ಕುಸಿಯುವ ಭಯವಿರುವುದರಿಂದ ಮೊದಲ ಎರಡು ಗಂಟೆಯೊಳಗೇ ತುಳಿಸಿ ಮುಗಿಸುತ್ತಾರೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಆಯಾಸದ ಅಳತೆ ಅಷ್ಟೇ. ಐದು ನಿಮಿಷದಿಂದ ಮೊದಲಾದದ್ದು ಮೂರನೆಯ ತಿಂಗಳಿಗೆ ಅರ್ಧ ಗಂಟೆಗೆ ತಲುಪಿತು. ಎದೆನೋವು ಇದ್ದ ದಿನ, ಉಸಿರು ಕಟ್ಟುವಷ್ಟು ನೀರು ತುಂಬಿದ ದಿನ, ರಕ್ತದೊತ್ತಡ ಹತೋಟಿಯಲ್ಲಿಲ್ಲದ ದಿನ ಪೆಡಲ್ ಮುಟ್ಟಿಸುವುದಿಲ್ಲ, ಮತ್ತು ಈ ವಿಷಯದಲ್ಲಿ ಅವರು ಒಮ್ಮೆಯೂ ಸಡಿಲ ಬಿಟ್ಟಿಲ್ಲ.

ಕೊರತೆಗಳೂ ಇವೆ. ಪಾದ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ತಾಯಿಯ ಕಣಕಾಲಿನ ಬಳಿ ಉಜ್ಜಿ ಕೆಂಪು ಗೆರೆ ಮೂಡಿತ್ತು. ಪಾದದ ಸ್ಪರ್ಶಜ್ಞಾನ ಕುಂದಿರುವ ಅವರಿಗೆ ಅದು ತಿಳಿಯಲೇ ಇಲ್ಲ, ಮನೆಗೆ ಬಂದ ಮೇಲೆ ನಾನು ಕಂಡೆ. ಎರಡನೆಯ ಸಲ ಹೇಳಿದ ನಂತರವೇ ಅಗಲವಾದ ಬಟ್ಟೆಯ ಪಟ್ಟಿ ಬಂದಿತು. ಫಿಸಿಯೊಥೆರಪಿಸ್ಟ್ ಮೂರು ವಾರ ರಜೆಯಲ್ಲಿದ್ದಾಗ ಯಂತ್ರ ಮೂಲೆ ಸೇರಿತು. ನರ್ಸ್‌ಗಳಿಗೆ ಬಿಡುವಿರಲಿಲ್ಲ, ಪಕ್ಕದ ಹಾಸಿಗೆಯ ಇಬ್ಬರು ಮತ್ತೆ ಪೆಡಲಿನ ಕಡೆ ತಿರುಗಲೇ ಇಲ್ಲ. ಒಬ್ಬರ ಮೇಲೆ ಇಷ್ಟೊಂದು ನಿಂತಿರುವ ಸೇವೆಗೆ ಬದಲಿ ವ್ಯವಸ್ಥೆ ಇರಲೇಬೇಕಿತ್ತು.

ಇದಕ್ಕಿಂತ ದೊಡ್ಡ ದೂರು, ಡಯಾಲಿಸಿಸ್ ಇಲ್ಲದ ನಾಲ್ಕು ದಿನಗಳಿಗೆ ಇವರಲ್ಲಿ ಯಾವ ಯೋಜನೆಯೂ ಇಲ್ಲದಿರುವುದು. ಕಿಡ್ನಿ ಕಾಯಿಲೆಯವರು ವಾರಕ್ಕೆ ಕನಿಷ್ಠ 150 ನಿಮಿಷ, ಇಲ್ಲವೇ ಹೃದಯ ಮತ್ತು ದೇಹ ತಾಳುವಷ್ಟರ ಮಟ್ಟಿಗೆ, ಮಧ್ಯಮ ಪ್ರಮಾಣದ ಚಟುವಟಿಕೆ ನಡೆಸಬೇಕೆಂದು ಕಿಡ್ನಿ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ 2024ರ ಮಾರ್ಗಸೂಚಿ ಹೇಳುತ್ತದೆ; ವಾರಕ್ಕೆ ಮೂರು ಅರ್ಧ ಗಂಟೆ ಅದನ್ನು ಮುಟ್ಟುವುದಿಲ್ಲ. 2017ರಲ್ಲಿ ಪ್ರಕಟವಾದ ಇಟಲಿಯ ಎಕ್ಸೈಟ್ ಅಧ್ಯಯನದಲ್ಲಿ ಡಯಾಲಿಸಿಸ್ ರೋಗಿಗಳು ಮನೆಯಲ್ಲಿಯೇ ಆರು ತಿಂಗಳು ನಡಿಗೆ ಮಾಡಿದ ಮೇಲೆ, ಆರು ನಿಮಿಷದಲ್ಲಿ ಅವರು ನಡೆಯುವ ದೂರ ಸರಾಸರಿ 328 ಮೀಟರಿನಿಂದ 367 ಮೀಟರಿಗೆ ಏರಿತ್ತು. ಅಂಥ ನಡಿಗೆಯ ಒಂದು ಪುಟದ ಪಟ್ಟಿಯನ್ನು ಕೈಗಿಡಲು ಖರ್ಚೇನೂ ಇಲ್ಲ. ನಾವು ಕೇಳಿದ ಮೇಲೆ ಬರೆದುಕೊಟ್ಟರು, ಕೇಳದವರಿಗೆ ಸಿಗಲಿಲ್ಲ.

ಕಳೆದ ತಿಂಗಳ ಎಣಿಕೆಯಲ್ಲಿ ತಾಯಿ ಹತ್ತು ಸಲ ಎದ್ದು ಕುಳಿತರು. ಶಾಲೆಯ ಬಾಗಿಲು ಇನ್ನೂ ಒಂದು ತಿರುವಿನಾಚೆ ಇದೆ. ಆ ತಿರುವಿನವರೆಗೆ ಹೋಗಿ ಬಂದ ದಿನಗಳನ್ನು ಅವರು ಗೋಡೆಯ ಕ್ಯಾಲೆಂಡರಿನಲ್ಲಿ ತಾವೇ ಗುರುತು ಹಾಕುತ್ತಿದ್ದಾರೆ, ಮತ್ತು ನಾವು ಸೇವೆಯನ್ನು ಇನ್ನಾರು ತಿಂಗಳಿಗೆ ಮುಂದುವರಿಸಿದ್ದೇವೆ.