ಬೀಗ ತೆಗೆದು ಮನೆ ತೋರಿಸಿದವನೇ ಓನರ್ ಅಂದುಕೊಳ್ಳಬೇಡಿ

ಬಾಡಿಗೆ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟೋಕನ್ ಅಡ್ವಾನ್ಸ್ ಅಂತ ಹೇಳಿ ಒಬ್ಬ ನನ್ನಿಂದ ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು ಹೊಡೆದ. ದುಡ್ಡು ಹೋದದ್ದು ಒಂದು ಕಡೆ, ಆಮೇಲೆ ಅವನು ನನ್ನ ಜೊತೆ ಮಾತಾಡಿದ ರೀತಿ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಮನೆಯಲ್ಲಿ ಹೇಳುವುದಕ್ಕೂ ಮುಖ ಇಲ್ಲದ ಹಾಗೆ ಆಗಿತ್ತು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅದೇ ಮಾತುಗಳಿರುವ ಜಾಹೀರಾತು ಬೇರೆ ಹೆಸರಲ್ಲಿ ಮತ್ತೆ ಕಾಣಿಸಿದೆ.

ಮನೆ ಹುಡುಕೋದು ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತಲ್ವಾ. ಬೆಳಿಗ್ಗೆ ಹಾಕಿದ ಮನೆ ಸಂಜೆಗೆ ಇರಲ್ಲ. ಫೋನ್ ಮಾಡಿದರೆ "ಹೋಯ್ತು" ಅಂತಾರೆ. ನೋಡೋಕೆ ಹೋದರೆ ನಮಗಿಂತ ಮುಂಚೆ ಬಂದವರು ಆಗಲೇ ಒಳಗಡೆ ಬಾಲ್ಕನಿಯಲ್ಲಿ ನಿಂತಿರುತ್ತಾರೆ. ಒಂದು ದಿನ ಯೋಚಿಸಿ ಹೇಳ್ತೀನಿ ಅಂದರೆ ಆ ಮನೆ ಕೈ ತಪ್ಪಿತು ಅಂತಲೇ ಲೆಕ್ಕ. ಈ ಆತುರವನ್ನೇ ಇಂಥವರು ಹಿಡಿದುಕೊಳ್ಳೋದು.

"ನಾನು ಊರಲ್ಲಿಲ್ಲ, ದುಡ್ಡು ಹಾಕಿ, ಕೀ ಕೊರಿಯರ್ ಮಾಡ್ತೀನಿ" ಅನ್ನುವ ಮೋಸ ನನಗೂ ಗೊತ್ತಿತ್ತು. ಫೋಟೊಗಳನ್ನು ಇಮೇಜ್ ಸರ್ಚ್‌ಗೆ ಹಾಕಿ ನೋಡಿದ್ದೆ, ಬೇರೆ ಎಲ್ಲೂ ಬರಲಿಲ್ಲ. ಬರೋದಾದರೂ ಹೇಗೆ, ಆ ಫೋಟೊ ತೆಗೆದವನೇ ಅವನು! ಮನೆ ನೋಡದೆ ದುಡ್ಡು ಕೊಡಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಮನೆ ನೋಡಿದ ಮೇಲೇ ಕೊಟ್ಟದ್ದು. ಒಳಗೆ ಹೋಗಿ, ನಲ್ಲಿ ಬಿಟ್ಟು, ಕಿಟಕಿ ತೆಗೆದು, ಕಪಾಟು ತೆಗೆದು ನೋಡಿ ಕೊಟ್ಟದ್ದು.

ಹೇಳಿದ ಟೈಮಿಗೆ ಸರಿಯಾಗಿ ಬಂದ. ಇಸ್ತ್ರಿ ಮಾಡಿದ ಶರ್ಟು, ಮೆತ್ತಗಿನ ಮಾತು. ಜೇಬಿಂದ ಕೀ ತೆಗೆದು ಸೀದಾ ಬಾಗಿಲು ತೆಗೆದ, ಯಾವ ಸ್ವಿಚ್ ಯಾವ ಲೈಟಿಗೆ ಅಂತ ನೋಡದೇ ಒತ್ತಿದ. "ನಾವೇ ಇದ್ದ ಮನೆ ಮೇಡಂ, ಮಕ್ಕಳ ಸ್ಕೂಲು ದೂರ ಆಯ್ತು ಅಂತ ಬಿಟ್ವಿ" ಅಂದ. ಬಚ್ಚಲಲ್ಲಿ ಲಾಡ್ಜಿನಲ್ಲಿ ಇಡುವ ಹಾಗೆ ಬಿಳಿ ಟವೆಲ್ ಮಡಚಿಟ್ಟಿದ್ದರು, ಪಕ್ಕದಲ್ಲಿ ಚಿಕ್ಕ ಚಿಕ್ಕ ಸೋಪು. ಬಾಗಿಲ ಹಿಂದೆ ವೈಫೈ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿತ್ತು. ಅಡುಗೆಮನೆಯಲ್ಲಿ ಒಂದು ಉಪ್ಪಿನ ಡಬ್ಬಿಯೂ ಇಲ್ಲ. ಇದೇನು ಅಂತ ನಾನು ಕೇಳಿದೆ, ಸುಮ್ಮನಿರಲಿಲ್ಲ. "ಸ್ವಲ್ಪ ದಿನ ಕಂಪನಿ ಗೆಸ್ಟ್‌ಗಳಿಗೆ ಕೊಟ್ಟಿದ್ವಿ, ಇನ್ಮೇಲೆ ಫ್ಯಾಮಿಲಿಗೇ ಕೊಡೋಣ ಅಂತ" ಅಂದ. ಕೇಳಿದ ತಕ್ಷಣ ಉತ್ತರ ರೆಡಿ ಇತ್ತು.

ಅಷ್ಟರಲ್ಲಿ ಅವನಿಗೊಂದು ಫೋನ್ ಬಂತು. "ಹೌದು ಸರ್, ಮೇಡಂ ಒಬ್ಬರು ನೋಡ್ತಾ ಇದ್ದಾರೆ, ಅವರು ಬೇಡ ಅಂದ್ರೆ ನಿಮಗೇ" ಅಂತ ನನಗೆ ಕೇಳಿಸುವ ಹಾಗೆ ಮಾತಾಡಿದ. ಆ ಕಡೆ ಯಾರೂ ಇರಲಿಲ್ಲ ಅಂತ ಈಗ ಅನ್ನಿಸುತ್ತೆ. ಓನರ್ ಅನ್ನೋದಕ್ಕೆ ಏನಾದರೂ ಪೇಪರ್ ತೋರಿಸಿ ಅಂದೆ. ನಕ್ಕುಬಿಟ್ಟ. "ಅಗ್ರಿಮೆಂಟ್ ದಿನ ಎಲ್ಲ ತರ್ತೀನಿ ಮೇಡಂ. ಈಗಲೇ ಇಷ್ಟು ಅನುಮಾನ ಇದ್ರೆ ನಾಳೆ ಒಂದೇ ಮನೆ ವಿಷಯದಲ್ಲಿ ನಾವು ನೀವು ಹೇಗೆ ಹೊಂದಿಕೊಳ್ಳೋದು?" ಈ ಮಾತನ್ನು ನೆನಪಿಟ್ಟುಕೊಳ್ಳಿ, ನಿಮಗೂ ಹೇಳುತ್ತಾರೆ. ಪೇಪರ್ ಕೇಳಿದವರೇ ತಪ್ಪು ಮಾಡಿದ ಹಾಗೆ ಮಾಡಿಬಿಡುತ್ತಾರೆ. ಅಕೌಂಟ್ ಬೇರೆ ಹೆಸರಲ್ಲಿತ್ತು, ಕೇಳಿದರೆ "ಹೆಂಡತಿದು, ಬಾಡಿಗೆ ಎಲ್ಲ ಅವಳಿಗೇ ಹೋಗೋದು". ದುಡ್ಡು ಹೋಯಿತು, ಸಹಿ ಮಾಡಿದ ರಸೀದಿ ಬಂತು. ಫ್ಲಾಟ್ ನಂಬರ್, ಕೀ ಕೊಡುವ ತಾರೀಖು, ಎಲ್ಲ ನೀಟಾಗಿ ಬರೆದಿತ್ತು.

ಅಗ್ರಿಮೆಂಟ್ ದಿನ ಲಿಫ್ಟಿಂದ ಹೊರಗೆ ಬಂದರೆ ಅದೇ ಬಾಗಿಲ ಮುಂದೆ ಗಂಡ ಹೆಂಡತಿ, ಒಂದು ಮಗು, ಹಗ್ಗ ಕಟ್ಟಿದ ಹಾಸಿಗೆ ಸುರುಳಿ. ಪಕ್ಕದ ಮನೆಗೆ ಬಂದವರು ಅಂದುಕೊಂಡೆ. ಆ ಹೆಂಗಸು ನನ್ನ ಕೈಯಲ್ಲಿದ್ದ ಚೀಟಿ ನೋಡಿದರು, ಆಮೇಲೆ ತಮ್ಮ ಬ್ಯಾಗಿಂದ ಒಂದು ಚೀಟಿ ತೆಗೆದರು. ಅದೇ ರಸೀದಿ. ಅದೇ ಕೈಬರಹ, ಅದೇ ಫ್ಲಾಟ್, ಅದೇ ತಾರೀಖು. ಹೆಸರು ಮಾತ್ರ ಬೇರೆ. ನನ್ನ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಬೆಲ್ ಒತ್ತಿದೆವು. ತಲೆ ಒರೆಸಿಕೊಳ್ಳುತ್ತಾ ಒಬ್ಬ ಹುಡುಗ ಬಾಗಿಲು ತೆಗೆದ, "ನಾವು ನಾಳೆ ತನಕ ಬುಕ್ ಮಾಡಿದ್ದೀವಲ್ಲ?" ಅಂದ. ಆಗ ಅರ್ಥ ಆಯಿತು. ಅದು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆ. ಇವನೂ ಸ್ವಲ್ಪ ದಿನಕ್ಕೆ ಬುಕ್ ಮಾಡಿ, ಕೀ ಇಸ್ಕೊಂಡು, ಆ ದಿನಗಳಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ತೋರಿಸಿ ಎಲ್ಲರ ಹತ್ತಿರವೂ ಟೋಕನ್ ಎತ್ತಿದ್ದಾನೆ. ಮನೆ ನಿಜ, ಕೀ ನಿಜ, ಓನರ್ ಮಾತ್ರ ಸುಳ್ಳು.

ಅಲ್ಲೇ ನಿಂತು ಫೋನ್ ಮಾಡಿದರೆ ಎತ್ತಲಿಲ್ಲ. ವಾಟ್ಸಾಪಲ್ಲಿ "ಮೀಟಿಂಗ್‌ನಲ್ಲಿದ್ದೀನಿ, ಸಂಜೆ ಮಾತಾಡೋಣ" ಅಂತ ಬಂತು. ಸಂಜೆ ಕೇಳಿದರೆ "ಏನೋ ಕನ್ಫ್ಯೂಷನ್ ಆಗಿದೆ, ನಾಳೆ ದುಡ್ಡು ವಾಪಸ್ ಹಾಕ್ತೀನಿ". ನಾಳೆ ಕೇಳಿದರೆ "ಅಕೌಂಟ್ ಬ್ಲಾಕ್ ಆಗಿದೆ". ಪೊಲೀಸ್ ಹತ್ತಿರ ಹೋಗ್ತೀನಿ ಅಂದ ಮೇಲೆ ಮಾತೇ ಬದಲಾಯಿತು. "ಮನೆ ಬೇಡ ಅಂದಿದ್ದು ನೀವೇ. ಟೋಕನ್ ವಾಪಸ್ ಇಲ್ಲ ಅಂತ ಮೊದಲೇ ಹೇಳಿದ್ದೆ. ಓದಿದವರು ಹೀಗೆ ಮಾತಾಡ್ತೀರಲ್ಲ" ಅಂತ ಬರೆದ. ನಾನು ಬೇಡ ಅಂದೆನಂತೆ! ಅದನ್ನು ಓದಿ ಕೈ ನಡುಗಿತು, ಉತ್ತರ ಟೈಪ್ ಮಾಡುವಷ್ಟರಲ್ಲಿ ಬ್ಲಾಕ್ ಮಾಡಿದ.

ನಿಜವಾದ ಓನರ್ ಸಿಕ್ಕಿದರು. "ನಂಗೆ ಬುಕಿಂಗ್ ದುಡ್ಡು ಬಂದಿತ್ತು, ಮಿಕ್ಕಿದ್ದು ನಂಗೆ ಸಂಬಂಧ ಇಲ್ಲ" ಅಂದರು. ಅವನು ಕೊಟ್ಟ ಐಡಿ ಪ್ರೂಫ್ ಪೊಲೀಸರಿಗೆ ಮಾತ್ರ ಕೊಡ್ತೀನಿ ಅಂದರು, ಅದು ಸರಿ, ಆದರೆ ನಮ್ಮ ಬಗ್ಗೆ ಒಂದು ಒಳ್ಳೆ ಮಾತೂ ಬರಲಿಲ್ಲ. ಬ್ಯಾಂಕಿನಲ್ಲಿ "ನೀವೇ ಕಳಿಸಿದ್ದಲ್ವಾ" ಅಂದರು. ನಾವಾಗಿ ಕಳಿಸಿದ ದುಡ್ಡನ್ನು ವಾಪಸ್ ತರಿಸೋದು ಕಷ್ಟ. ತಕ್ಷಣ ತಿಳಿಸಿದರೆ ಆ ಅಕೌಂಟಿನಲ್ಲಿ ಇನ್ನೂ ಉಳಿದಿರುವುದನ್ನು ತಡೆಹಿಡಿಯುವ ಅವಕಾಶ ಇರುತ್ತೆ. ಅವನು "ನಾಳೆ, ನಾಳೆ" ಅಂತ ಹೇಳಿದ್ದು ಅದಕ್ಕೇ, ದುಡ್ಡು ಬೇರೆ ಕಡೆ ಸಾಗಿಸೋಕೆ ಟೈಮ್ ಬೇಕಿತ್ತು.

ಹಾಗಾಗಿ ಕೀ ನೋಡಿ ನಂಬಬೇಡಿ. ಕರೆಂಟ್ ಬಿಲ್ಲೋ, ಮನೆ ತೆರಿಗೆ ರಸೀದಿಯೋ, ಅದರಲ್ಲಿರುವ ಹೆಸರು, ಅವರ ಐಡಿಯಲ್ಲಿರುವ ಹೆಸರು, ಅಕೌಂಟ್ ಹೆಸರು, ಈ ಮೂರೂ ಹೊಂದಲೇಬೇಕು. ಹೊಂದದಿದ್ದರೆ ಹೆಂಡತಿ, ತಮ್ಮ, ಮ್ಯಾನೇಜರ್ ಅಂತ ಎಷ್ಟು ಕಥೆ ಹೇಳಿದರೂ ಎದ್ದು ಬನ್ನಿ. ಕೆಳಗೆ ಸೆಕ್ಯೂರಿಟಿ ಹತ್ತಿರ, ಪಕ್ಕದ ಮನೆಯವರ ಹತ್ತಿರ "ಈ ಮನೆ ಓನರ್ ಯಾರು" ಅಂತ ಕೇಳಿ, ಅವನಿಲ್ಲದಾಗ ಕೇಳಿ. ಟವೆಲ್ ಮಡಚಿಟ್ಟ ಮನೆ ಕಂಡರೆ ದಿನಬಾಡಿಗೆ ಆ್ಯಪ್‌ಗಳಲ್ಲಿ ಆ ಮನೆ ಇದೆಯಾ ಅಂತ ಒಮ್ಮೆ ಹುಡುಕಿ. ಅನುಮಾನ ಯಾಕೆ ಅಂತ ಯಾರಾದರೂ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ನಿಜವಾದ ಓನರ್‌ಗೆ ಒಂದು ಬಿಲ್ ತೋರಿಸೋಕೆ ಏನು ಕಷ್ಟ?

ನಾನೊಬ್ಬಳೇ ಸ್ಟೇಷನ್‌ಗೆ ಹೋದಾಗ "ಬಾಡಿಗೆ ಜಗಳ, ಮಾತಾಡಿ ಬಗೆಹರಿಸಿಕೊಳ್ಳಿ" ಅಂದು ಕಳಿಸಿದ್ದರು. ಆ ದಂಪತಿ ಜೊತೆ, ಎರಡೂ ರಸೀದಿ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ದೂರು ಬರೆದುಕೊಂಡರು. ಟೋಕನ್ ಕೊಟ್ಟು ಹೀಗೆ ಬಾಗಿಲ ಮುಂದೆ ನಿಂತವರು ಬೇರೆ ಯಾರಾದರೂ ಇದ್ದರೆ ರಸೀದಿ, ಚಾಟ್, ದುಡ್ಡು ಕಳಿಸಿದ ದಾಖಲೆ ಯಾವುದನ್ನೂ ಡಿಲೀಟ್ ಮಾಡಬೇಡಿ. ಸಣ್ಣ ಮೊತ್ತ ಅಂತ ಬಿಡಬೇಡಿ, ದೂರು ಕೊಡಿ.