ಮಳೆಗಾಲದ ರಾತ್ರಿಗೆ ಯಾವುದು: ಹಾರರ್ರೋ, ವೆಸ್ಟರ್ನೋ?

ಆಟಿ ತಿಂಗಳು, ಶನಿವಾರ ರಾತ್ರಿ, ಒಂದೇ ಸಿನಿಮಾಕ್ಕೆ ಪುರುಸೊತ್ತು. ಉಡುಪಿಯ ನಮ್ಮ ಮನೆಯಲ್ಲಿ ಆಯ್ಕೆಗೆ ಬರುವುದು ನನ್ನ ಎರಡು ಅಚ್ಚುಮೆಚ್ಚಿನ ಚಿತ್ರಗಳು. ಹಿಚ್‌ಕಾಕ್ ಅವರ ಹಾರರ್ 'ಸೈಕೋ' (1960), ಸರ್ಜಿಯೋ ಲಿಯೋನೆ ಅವರ ವೆಸ್ಟರ್ನ್, ಅಂದರೆ ಕೌಬಾಯ್ ಕಾಲದ ಚಿತ್ರ, 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' (1968).

ನನಗೆ ಒಂದು ಕೂದಲೆಳೆ ಜಾಸ್ತಿ ಇಷ್ಟ ವೆಸ್ಟರ್ನ್. ಮೊದಲ ದೃಶ್ಯವನ್ನೇ ನೋಡಿ. ಬಿಕೋ ಎನ್ನುವ ರೈಲ್ವೆ ಸ್ಟೇಷನ್. ಮೂವರು ಯಾರಿಗೋ ಕಾಯುತ್ತಿದ್ದಾರೆ. ಒಬ್ಬನ ಟೋಪಿಯ ಮೇಲೆ ತಟ್ ತಟ್ ಅಂತ ನೀರು ಬೀಳುತ್ತದೆ. ಆತ ಕದಲುವುದಿಲ್ಲ. ಕೊನೆಗೆ ಟೋಪಿ ತೆಗೆದು, ಅಂಚಿನಲ್ಲಿ ನಿಂತ ಆ ನೀರನ್ನೇ ಕುಡಿಯುತ್ತಾನೆ! ಇನ್ನೊಬ್ಬ ಮುಖದ ಮೇಲೆ ಕೂತ ನೊಣವನ್ನು ಬಂದೂಕಿನ ನಳಿಗೆಯೊಳಗೆ ಹಿಡಿಯುತ್ತಾನೆ. ಮಾತು ಇಲ್ಲವೇ ಇಲ್ಲ ಅನ್ನಬಹುದು, ಬರೀ ಶಬ್ದ. ಮುಂದೆ ಎನ್ನಿಯೋ ಮೊರಿಕೋನೆ ಸಂಗೀತ ಬಂದಾಗ ಎದೆ ತುಂಬುತ್ತದೆ.

'ಸೈಕೋ' ಕಪ್ಪು-ಬಿಳುಪು, ಎರಡು ಗಂಟೆಯೂ ಇಲ್ಲ. ಸಂಗೀತಕ್ಕೆ ತಂತಿವಾದ್ಯ ಮಾತ್ರ. ಕಥೆ ಹೇಳುವುದಿಲ್ಲ, ನೀವೇ ನೋಡಬೇಕು.

ಆದರೂ ಜೋರು ಮಳೆಗೆ ನನ್ನ ಆಯ್ಕೆ 'ಸೈಕೋ'. ಹೆಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ಆ ನೊಣದ ಗುಂಯ್‌ಗುಡುವಿಕೆ ಎಲ್ಲಿ ಕೇಳಬೇಕು, ಅಲ್ವಾ? ಅದೇ 'ಸೈಕೋ'ದ ನಾಯಕಿ ಮೋಟೆಲ್ ತಲುಪುವುದೂ ಇಂಥದೇ ಮಳೆಯಲ್ಲಿ. ಲಿಯೋನೆ ಚಿತ್ರಕ್ಕೆ ಎರಡೂಮುಕ್ಕಾಲು ಗಂಟೆ ಬೇಕು. ಅದನ್ನು ದೀಪಾವಳಿ ರಜೆಗೆ ಇಟ್ಟುಕೊಳ್ಳಿ.